ದಿನಕ್ಕೆ ಅರ್ಧ ತಾಸು ಗಿಟಾರ್: ರಿಯಾಜ್‌ಗೆ ಕೂರುವುದು ಹೇಗೆ?

ಸಂಜೆ ಹೊತ್ತು ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ನಡೆದರೆ ಯಾವುದೋ ಒಂದು ಖೋಲಿಯಿಂದ ಗಿಟಾರ್ ಕೇಳಿಬರುವುದುಂಟು. ಒಂದು ನಿಮಿಷ ನಿಂತು ಕೇಳಿ. ಹಾಡು ಚಲೋ ಶುರುವಾಗುತ್ತದೆ. ಎರಡನೇ ಸಾಲಿನಲ್ಲಿ ಎಫ್ ಕಾರ್ಡ್ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬರುತ್ತಲೇ ಕೈ ತಡವರಿಸುತ್ತದೆ, ಹಾಡು ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರು. ಅರ್ಧ ತಾಸು ಕಳೆಯುವಷ್ಟರಲ್ಲಿ ಮೊದಲ ಸಾಲನ್ನು ಇಪ್ಪತ್ತು ಸಲ ಬಾರಿಸಿ ಆಗಿರುತ್ತದೆ. ಎಫ್ ಕಾರ್ಡ್‌ನ ಮೇಲೆ ಕೈ ಇದ್ದದ್ದು ಎಲ್ಲ ಸೇರಿ ಒಂದು ನಿಮಿಷವೂ ಇರುವುದಿಲ್ಲ. ಇಪ್ಪತ್ತು ಸಲವೂ ಆ ಜಾಗಕ್ಕೆ ಬಂದಾಗ ಕೈ ಮಾಡಿದ್ದು ಒಂದೇ ಕೆಲಸ: ನಿಂತದ್ದು. ಆ ಅರ್ಧ ತಾಸಿನಲ್ಲಿ ಕೈ ಗಟ್ಟಿಯಾಗಿ ಕಲಿತದ್ದೂ ಅದನ್ನೇ.

ಬಾರಿಸುವುದು ಬೇರೆ, ರಿಯಾಜ್ ಮಾಡುವುದು ಬೇರೆ. ಬಾರಿಸುವಾಗ ಬರುವುದನ್ನು ಬಾರಿಸುತ್ತೇವೆ, ಸಂತೋಷಪಡುತ್ತೇವೆ. ರಿಯಾಜ್‌ನಲ್ಲಿ ಬಾರದ ಜಾಗವನ್ನು ಹುಡುಕಿ, ಅದನ್ನೊಂದೇ ಕತ್ತರಿಸಿ ತೆಗೆದು, ಕೈಗೆ ತಪ್ಪು ಮಾಡಲು ಅವಕಾಶವೇ ಇಲ್ಲದಷ್ಟು ನಿಧಾನವಾಗಿ ತಿದ್ದುತ್ತೇವೆ. ಈ ವ್ಯತ್ಯಾಸವನ್ನು ಹುಬ್ಬಳ್ಳಿ-ಧಾರವಾಡದವರಿಗೆ ಹೊಸದಾಗಿ ಹೇಳಬೇಕಿಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತ ಊರುಗಳಿವು. ಇಲ್ಲಿ ಹಾಡುಗಾರಿಕೆ ಕಲಿಯುವ ಹುಡುಗಿಯೊಬ್ಬಳು ಒಂದೇ ಪಲ್ಟಾವನ್ನು (ಸ್ವರಗಳನ್ನು ಒಂದೇ ಕ್ರಮದಲ್ಲಿ ಸರಿಸುತ್ತ ಹೋಗುವ ಪಾಠ) ವಾರಗಟ್ಟಲೆ ತಿಕ್ಕಿದರೆ ಯಾರಿಗೂ ವಿಚಿತ್ರ ಎನಿಸುವುದಿಲ್ಲ. ಗಿಟಾರ್ ಕೈಗೆ ಬಂದ ಕೂಡಲೇ ಅದೇ ಮಂದಿ ಆ ಶಿಸ್ತನ್ನು ಮರೆತು ಮೊಬೈಲಿನಲ್ಲಿ ವಿಡಿಯೊದಿಂದ ವಿಡಿಯೊಗೆ ಹಾರುತ್ತಾರೆ. ಸಿತಾರಿಗೆ ಬೇಕಾದದ್ದೇ ಗಿಟಾರಿಗೂ ಬೇಕು. ಎರಡೂ ತಂತಿವಾದ್ಯ, ಎರಡಕ್ಕೂ ಬೆರಳಿನ ತುದಿ ಗಟ್ಟಿಯಾಗಬೇಕು, ಎರಡೂ ಗಡಬಡಿಗೆ ಒಲಿಯುವುದಿಲ್ಲ.

ಕೂರುವ ಮೊದಲು: ಗಿಟಾರ್ ಸರಿ ಇದೆಯೇ?

ಎಷ್ಟೋ ಮಂದಿ "ನನ್ನ ಬೆರಳಿಗೆ ತಾಕತ್ತಿಲ್ಲ" ಎಂದು ಬಿಟ್ಟುಬಿಡುತ್ತಾರೆ. ತಪ್ಪು ಬೆರಳಿನದ್ದಾಗಿರುವುದಿಲ್ಲ, ತಂತಿ ಎತ್ತರ ಕೂತಿರುತ್ತದೆ. ಕಡಿಮೆ ಬೆಲೆಯ ಅಕೌಸ್ಟಿಕ್ ಗಿಟಾರ್‌ಗಳಲ್ಲಿ ಇದು ಬಹಳ. 12ನೇ ಫ್ರೆಟ್‌ನ (ಗಿಟಾರ್‌ನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ಸಣ್ಣ ಸ್ಟೀಲ್ ಪಟ್ಟಿ ನಿಲ್ಲಿಸಿ, ಫ್ರೆಟ್‌ನ ನೆತ್ತಿಯಿಂದ ತಂತಿಯ ತಳದವರೆಗೆ ಅಳೆಯಿರಿ. ದಪ್ಪ ತಂತಿಗೆ 2.5 ಮಿ.ಮೀ. ಆಸುಪಾಸು, ಸಣ್ಣ ತಂತಿಗೆ 2 ಮಿ.ಮೀ. ಆಸುಪಾಸು ಇದ್ದರೆ ಸರಿ. 3 ಮಿ.ಮೀ. ದಾಟಿದ್ದರೆ ಹೊಸಬರ ಕೈ ಸೋಲುತ್ತದೆ. ಇನ್ನೊಂದು ಪರೀಕ್ಷೆ: ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಮೊದಲ ಫ್ರೆಟ್‌ನ ಮೇಲೆ ನೋಡಿ. ಅಲ್ಲಿ ಕೂದಲೆಳೆಯಷ್ಟು ಸಂದು ಸಾಕು. ಅದಕ್ಕಿಂತ ಹೆಚ್ಚಿದ್ದರೆ ತಂತಿ ಕೂರುವ ತುದಿಯ ಪಟ್ಟಿಯ ಕಚ್ಚು ಆಳವಾಗಿಲ್ಲ ಎಂದರ್ಥ. ಅಂಥ ಗಿಟಾರ್‌ನಲ್ಲಿ ಎಫ್ ಕಾರ್ಡ್ ಹಿಡಿಯುವುದು ಪಳಗಿದವರಿಗೂ ತ್ರಾಸು. ವಾದ್ಯ ರಿಪೇರಿ ಮಾಡುವವರ ಬಳಿ ಒಯ್ದು ಸೆಟಪ್ ಮಾಡಿಸಿ. ತಂತಿ ಹೊಸದು ಹಾಕಿಸುವಾಗ 10ರಿಂದ 47ರ ಅಥವಾ 11ರಿಂದ 52ರ ಸೆಟ್ ಕೇಳಿ (ಈ ಅಂಕಿಗಳು ತಂತಿಯ ದಪ್ಪದ ಲೆಕ್ಕ). ಅಕೌಸ್ಟಿಕ್‌ಗೆ ಸಾಮಾನ್ಯವಾಗಿ ಹಾಕುವ 12ರಿಂದ 53ರ ಸೆಟ್‌ಗಿಂತ ಇವು ಬೆರಳಿಗೆ ಹಗುರ.

ಧಾರವಾಡದ ಮಳೆಗಾಲ ಮರಕ್ಕೆ ಒಳ್ಳೆಯದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಕುಡಿದು ಗಿಟಾರ್‌ನ ಮೇಲ್ಹಲಗೆ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಬೇಸಿಗೆಯಲ್ಲಿ, ಅದರಲ್ಲೂ ಗದಗಿನ ಕಡೆಯ ಒಣ ಬಿಸಿಲಿನಲ್ಲಿ, ಮರ ಕುಗ್ಗಿ ಫ್ರೆಟ್‌ನ ಅಂಚು ಕೈಗೆ ತರಚುತ್ತದೆ. ಗೋಡೆಗೆ ತೂಗುಹಾಕುವುದಕ್ಕಿಂತ ಕೇಸಿನಲ್ಲಿ ಇಡುವುದು ಒಳ್ಳೆಯದು. ಮಳೆಗಾಲದಲ್ಲಿ ಒಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮಿರ್ಚಿ-ಗಿರ್ಮಿಟ್ ತಿಂದ ಕೈಯಿಂದ ತಂತಿ ಮುಟ್ಟಬೇಡಿ. ಎಣ್ಣೆ ಮತ್ತು ಬೆವರು ಸೇರಿ ಎರಡು ವಾರದಲ್ಲಿ ತಂತಿಯ ನಾದ ಸಾಯುತ್ತದೆ. ಬಾರಿಸಿದ ಮೇಲೆ ಒಣ ಅರಿವೆಯಿಂದ ಒರೆಸಿಡಿ.

ಶ್ರುತಿ ಮಾಡುವುದಕ್ಕೆ ಎರಡು ನಿಮಿಷ ಕೊಡಿ. ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಸ್ವರ ಮೇಲಿದ್ದರೆ ಮೊದಲು ಸಾಕಷ್ಟು ಕೆಳಗಿಳಿಸಿ, ಆಮೇಲೆ ಬಿಗಿ ಮಾಡುತ್ತ ಮೇಲೆ ಬನ್ನಿ. ಸಡಿಲಿಸುತ್ತ ಬಂದು ನಿಲ್ಲಿಸಿದ ತಂತಿ ನಾಲ್ಕು ಸಲ ಬಾರಿಸುವಷ್ಟರಲ್ಲಿ ಇನ್ನೂ ಇಳಿಯುತ್ತದೆ. ತಂಬೂರಿಯ ನಾದ ಕೇಳಿ ಬೆಳೆದ ಕಿವಿಗೆ ಇಲ್ಲಿ ಒಂದು ಎಚ್ಚರಿಕೆ ಬೇಕು. ತಂಬೂರಿಯಿಂದ ತಾನಾಗಿ ಹೊಮ್ಮುವ ಗಂಧಾರಕ್ಕೂ ಗಿಟಾರ್ ಫ್ರೆಟ್ ಕೊಡುವ ಗಂಧಾರಕ್ಕೂ ಸುಮಾರು 14 ಸೆಂಟ್ ವ್ಯತ್ಯಾಸವಿದೆ, ಗಿಟಾರ್‌ನದು ಮೇಲೆ. (ಒಂದು ಫ್ರೆಟ್ ಅಂತರಕ್ಕೆ 100 ಸೆಂಟ್.) ಜಿ ಕಾರ್ಡ್ ಇನ್ನಷ್ಟು ಇಂಪಾಗಲಿ ಎಂದು ಬಿ ತಂತಿಯನ್ನು ತುಸು ಇಳಿಸಿದಿರೋ, ಇ ಕಾರ್ಡ್‌ನಲ್ಲಿ ಅದೇ ತಂತಿ ಪಂಚಮವಾಗಿ ಬಂದು ಅಪಸ್ವರವಾಗುತ್ತದೆ. ಟ್ಯೂನರ್ ಹೇಳಿದಷ್ಟಕ್ಕೇ ನಿಲ್ಲಿಸಿ.

ಅರ್ಧ ತಾಸನ್ನು ಹಂಚುವುದು

ದಿನಾ ಅರ್ಧ ತಾಸು, ವಾರಕ್ಕೆ ಆರು ದಿನ ಎಂದು ಇಟ್ಟುಕೊಳ್ಳೋಣ. ರವಿವಾರ ಒಂದೇ ದಿನ ಮೂರು ತಾಸು ಕೂತರೂ ಲೆಕ್ಕ ಅಷ್ಟೇ ಆಗುತ್ತದೆ. ಕೈ ಮಾತ್ರ ಆ ಲೆಕ್ಕ ಒಪ್ಪುವುದಿಲ್ಲ. ಇಂದು ತಿದ್ದಿದ್ದು ರಾತ್ರಿ ನಿದ್ದೆಯಲ್ಲಿ ಗಟ್ಟಿಯಾಗಿ, ನಾಳೆ ಅದರ ಮೇಲೆ ಇನ್ನೊಂದು ಪದರ ಕೂರಬೇಕು. ಆರು ರಾತ್ರಿಯ ಕೆಲಸವನ್ನು ಒಂದು ಮಧ್ಯಾಹ್ನ ಮಾಡಲಾರದು.

ಎರಡು ನಿಮಿಷ ಶ್ರುತಿ, ಐದು ನಿಮಿಷ ಬೆರಳು ಬಿಸಿ ಮಾಡುವ ಪಾಠ, ಹತ್ತು ನಿಮಿಷ ಬಾರದ ಜಾಗ, ಐದು ನಿಮಿಷ ಪಲ್ಟಾ, ಏಳು ನಿಮಿಷ ಹಾಡು, ಕೊನೆಯ ಒಂದು ನಿಮಿಷ ವಹಿ ಬರೆಯಲು. ಹದಿನೈದು ನಿಮಿಷವೇ ಸಿಕ್ಕ ದಿನ ಶ್ರುತಿ, ಬಾರದ ಜಾಗ ಮತ್ತು ವಹಿ, ಇಷ್ಟು ಬಿಟ್ಟು ಉಳಿದದ್ದನ್ನು ಕೈಬಿಡಿ. ಹೆಚ್ಚಿನವರು ತಿರುಗುಮುರುಗು ಮಾಡುತ್ತಾರೆ: ಹೊತ್ತು ಕಡಿಮೆ ಇದ್ದ ದಿನ ಬರುವ ಹಾಡು ಬಾರಿಸಿ ಎದ್ದುಬಿಡುತ್ತಾರೆ. ಒಂದು ತಾಸು ಕೂರುವವರು 25 ನಿಮಿಷಕ್ಕೊಮ್ಮೆ ಎದ್ದು ಕೈ ಜಾಡಿಸಿ, ನೀರು ಕುಡಿದು ಬನ್ನಿ.

ಬೆರಳು ಬಿಸಿ ಮಾಡಲು 5ರಿಂದ 8ನೇ ಫ್ರೆಟ್‌ವರೆಗೆ ಬೆರಳಿಗೊಂದು ಫ್ರೆಟ್‌ನಂತೆ ನಾಲ್ಕು ಬೆರಳು ಇಡಿ. ಮೊದಲ ಫ್ರೆಟ್‌ಗಳಲ್ಲಿ ಅಂತರ ಅಗಲ, ಹೊಸ ಕೈಗೆ ಎಳೆತ ಜಾಸ್ತಿ. ಅದಕ್ಕೇ 5ರಿಂದ ಶುರು. ತೋರುಬೆರಳು 1, ನಡುಬೆರಳು 2, ಉಂಗುರಬೆರಳು 3, ಕಿರುಬೆರಳು 4. ಆರನೇ ತಂತಿಯ (ಎಲ್ಲಕ್ಕಿಂತ ದಪ್ಪನೆಯದು) ಮೇಲೆ 1-2-3-4, ಆಮೇಲೆ ಐದನೇ ತಂತಿ, ಹೀಗೆ ಒಂದನೆಯದರವರೆಗೆ. ಮೆಟ್ರೋನೋಮ್ (ಲಯಕ್ಕೆ ಟಕ್ ಟಕ್ ಬಡಿಯುವ ಸಾಧನ) ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಬಡಿತಕ್ಕೊಂದು ಸ್ವರ ಎಂದರೆ 24 ಸೆಕೆಂಡಿಗೆ ಆರೂ ತಂತಿ ಮುಗಿಯುತ್ತದೆ. ಒತ್ತಿದ ಬೆರಳನ್ನು ಮುಂದಿನ ಬೆರಳು ಕೂರುವವರೆಗೆ ಎತ್ತಬೇಡಿ. ಎತ್ತಿದ ಬೆರಳು ತಂತಿಯಿಂದ ಒಂದು ಸೆಂಟಿಮೀಟರ್‌ಗಿಂತ ದೂರ ಹೋಗಬಾರದು. ಕಿರುಬೆರಳು ಗಾಳಿಯಲ್ಲಿ ಕುಣಿಯುತ್ತಿದ್ದರೆ ವೇಗ ಹೆಚ್ಚಾಯಿತು ಎಂದೇ ತಿಳಿಯಿರಿ.

ನಾಲ್ಕು ಬೆರಳನ್ನು ಒಟ್ಟು 24 ಕ್ರಮದಲ್ಲಿ ಜೋಡಿಸಬಹುದು: 1-2-4-3, 1-3-2-4, 1-3-4-2... ಸಾ ರೇ ಗ ಮ ನಾಲ್ಕೇ ಸ್ವರವನ್ನು 24 ಬಗೆಯಲ್ಲಿ ತಿರುಗಿಸುವ ಮೇರುಖಂಡದ ಲೆಕ್ಕವೇ ಇದು. ದಿನಕ್ಕೊಂದು ಕ್ರಮ ಹಿಡಿದರೆ 24 ದಿನ ಒಂದೇ ಪಾಠ ಎರಡು ಸಲ ಬಾರಿಸಬೇಕಿಲ್ಲ. 3-4 ಅಕ್ಕಪಕ್ಕ ಬರುವ ಕ್ರಮಗಳು ಎಲ್ಲರಿಗೂ ಕಷ್ಟ, ಏಕೆಂದರೆ ಆ ಎರಡು ಬೆರಳು ಒಂದನ್ನೊಂದು ಬಿಟ್ಟು ಸರಾಗವಾಗಿ ಆಡುವುದಿಲ್ಲ.

ಬಾರದ ಜಾಗ

ರಿಯಾಜ್‌ನ ಜೀವ ಈ ಹತ್ತು ನಿಮಿಷದಲ್ಲಿದೆ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ: ಸಿ ಕಾರ್ಡ್‌ನಿಂದ ಜಿ ಕಾರ್ಡ್‌ಗೆ ಹೋಗುವುದು.

ಸಿ ಹಿಡಿದಾಗ ಉಂಗುರಬೆರಳು ಐದನೇ ತಂತಿಯ 3ನೇ ಫ್ರೆಟ್‌ನಲ್ಲಿ, ನಡುಬೆರಳು ನಾಲ್ಕನೇ ತಂತಿಯ 2ರಲ್ಲಿ, ತೋರುಬೆರಳು ಎರಡನೇ ತಂತಿಯ 1ರಲ್ಲಿ ಇರುತ್ತದೆ. ಜಿಗೆ ಹೋಗುವಾಗ ಹೊಸಬರು ಮೂರೂ ಬೆರಳು ಕಿತ್ತು, ಕೈಯನ್ನು ಗಾಳಿಗೆ ತಂದು, ಕಣ್ಣಿಂದ ಹುಡುಕಿ ಒಂದೊಂದಾಗಿ ಇಡುತ್ತಾರೆ. ಈಗ ಜಿಯನ್ನು ಹೀಗೆ ಹಿಡಿಯಿರಿ: ಉಂಗುರಬೆರಳು ಆರನೇ ತಂತಿಯ 3ರಲ್ಲಿ, ನಡುಬೆರಳು ಐದನೇ ತಂತಿಯ 2ರಲ್ಲಿ, ಕಿರುಬೆರಳು ಒಂದನೇ ತಂತಿಯ 3ರಲ್ಲಿ. ಹೋಲಿಸಿ ನೋಡಿ. ಉಂಗುರಬೆರಳು, ನಡುಬೆರಳು ಎರಡೂ ತಮ್ಮ ಫ್ರೆಟ್‌ನಲ್ಲೇ ಇದ್ದು ಒಂದೊಂದು ತಂತಿ ಮೇಲೆ ಸರಿದಿವೆ, ಅಷ್ಟೇ. ಅವೆರಡರ ನಡುವಿನ ಆಕಾರ ಬದಲಾಗಿಯೇ ಇಲ್ಲ. ತೋರುಬೆರಳು ಏಳಬೇಕು, ಕಿರುಬೆರಳು ಕೂರಬೇಕು. ಹುಡುಕುವ ಕೆಲಸವೇ ಇಲ್ಲವಾಯಿತು.

ಮೊದಲ ಎರಡು ನಿಮಿಷ ಬಲಗೈ ಬಿಟ್ಟುಬಿಡಿ. ಆ ಜೋಡಿ ಬೆರಳನ್ನು ಮಾತ್ರ ಮೇಲೆ ಕೆಳಗೆ ಸರಿಸಿ. ಮುಂದಿನ ಎರಡು ನಿಮಿಷ ಕಿರುಬೆರಳನ್ನು ಸೇರಿಸಿ. ಆಮೇಲೆ ಮೆಟ್ರೋನೋಮ್ 60ರಲ್ಲಿ ಸಿಗೆ ನಾಲ್ಕು ಬಡಿತ, ಜಿಗೆ ನಾಲ್ಕು ಬಡಿತ, ಬಡಿತಕ್ಕೊಂದು ಕೆಳಮುಖ ಪೆಟ್ಟು. ಸತತ ಮೂರು ಸಲ ತಪ್ಪಿಲ್ಲದೆ ಬಂದರೆ 4 ಏರಿಸಿ. ಸತತ ಎರಡು ಸಲ ತಪ್ಪಿದರೆ 8 ಇಳಿಸಿ. ಏರಿಸುವುದಕ್ಕಿಂತ ಇಳಿಸುವುದು ಹೆಚ್ಚು ಏಕೆಂದರೆ, ಹತ್ತು ಸಲದಲ್ಲಿ ಏಳು ಸಲ ತಪ್ಪಿದ ಕೈ ಆ ತಪ್ಪನ್ನೇ ಏಳು ಸಲ ರಿಯಾಜ್ ಮಾಡಿರುತ್ತದೆ. ಅದನ್ನು ಅಳಿಸಲು ಆಮೇಲೆ ದುಪ್ಪಟ್ಟು ಹೊತ್ತು ಬೇಕು.

ಸಾಮಾನ್ಯವಾಗಿ ಹೇಳುವ ಇನ್ನೊಂದು ಅಳತೆ, ಒಂದು ನಿಮಿಷದಲ್ಲಿ ಎಷ್ಟು ಸಲ ಕಾರ್ಡ್ ಬದಲಿಸಿದಿರಿ ಎಂಬುದು. ಅಳೆಯಲು ಸುಲಭ, ಉಪಯೋಗಿಸಿ. ಆದರೆ ಗುರಿ ಎಷ್ಟಿರಬೇಕು? 80ರ ಲಯದ ಹಾಡಿನಲ್ಲಿ ನಾಲ್ಕು ಬಡಿತಕ್ಕೊಮ್ಮೆ ಕಾರ್ಡ್ ಬದಲಾದರೆ ನಿಮಿಷಕ್ಕೆ 20 ಬದಲಾವಣೆ. ಹಾಗೆಂದು 20 ಬಂದರೆ ಸಾಕೆಂದು ಕೂತವರು ಹಾಡಿನಲ್ಲಿ ಎಡವುತ್ತಾರೆ. 80ರ ಲಯದಲ್ಲಿ ಒಂದು ಬಡಿತ ಎಂದರೆ 0.75 ಸೆಕೆಂಡ್. ಕೊನೆಯ ಪೆಟ್ಟು ಅರ್ಧ ಬಡಿತಕ್ಕೆ ಬಿದ್ದರೆ ಬೆರಳಿಗೆ ಸಿಗುವುದು 0.375 ಸೆಕೆಂಡ್ ಮಾತ್ರ. ಆದ್ದರಿಂದ ನಿಮಿಷಕ್ಕೆ 60 ಬದಲಾವಣೆ ಶುದ್ಧವಾಗಿ ಬರುವವರೆಗೆ ಆ ಜೋಡಿಯನ್ನು ಬಿಡಬೇಡಿ.

ಇನ್ನು ಎಫ್. ತೋರುಬೆರಳಿನಿಂದ ಆರೂ ತಂತಿ ಒತ್ತಬೇಕು ಎಂದುಕೊಂಡು ಮೈಯೆಲ್ಲ ಬಲ ಹಾಕುವವರೇ ಹೆಚ್ಚು. ಲೆಕ್ಕ ಹಾಕಿ: ಐದು ಮತ್ತು ನಾಲ್ಕನೇ ತಂತಿಯನ್ನು ಉಂಗುರಬೆರಳು, ಕಿರುಬೆರಳು 3ನೇ ಫ್ರೆಟ್‌ನಲ್ಲಿ ಒತ್ತಿರುತ್ತವೆ, ಮೂರನೇ ತಂತಿಯನ್ನು ನಡುಬೆರಳು 2ರಲ್ಲಿ. ತೋರುಬೆರಳಿನ ಪಾಲಿಗೆ ಉಳಿಯುವುದು ಆರು, ಎರಡು, ಒಂದು, ಮೂರೇ ತಂತಿ. ನಡುವೆ ಬೆರಳು ತುಸು ಬಾಗಿದರೂ ನಡೆಯುತ್ತದೆ. ಬೆರಳಿನ ಮೆತ್ತಗಿನ ಹೊಟ್ಟೆಗಿಂತ ಹೆಬ್ಬೆರಳಿನ ಕಡೆಯ ಗಟ್ಟಿ ಅಂಚು ತಂತಿಗೆ ತಾಗುವಂತೆ ಸ್ವಲ್ಪ ಹೊರಳಿಸಿ. ಗೆಣ್ಣಿನ ಗೆರೆಯ ಗುಳಿಗೆ ತಂತಿ ಬಿದ್ದರೆ ಅದು ಸತ್ತ ಸದ್ದು ಮಾಡುತ್ತದೆ, ಆಗ ಬೆರಳನ್ನು ಎರಡು ಮಿ.ಮೀ. ಮೇಲೆಯೋ ಕೆಳಗೆಯೋ ಜರುಗಿಸಿ. ಇದನ್ನು ಮೊದಲ ಫ್ರೆಟ್‌ನಲ್ಲಿ ಕಲಿಯಲು ಹೋಗಬೇಡಿ. ಅಲ್ಲಿ ತಂತಿ ತುದಿಯ ಪಟ್ಟಿಗೆ ಹತ್ತಿರವಿದ್ದು ಬಾಗುವುದೇ ಇಲ್ಲ. ಅದೇ ಆಕಾರವನ್ನು 5ನೇ ಫ್ರೆಟ್‌ನಲ್ಲಿ ಹಿಡಿಯಿರಿ, ಅಲ್ಲಿ ಅದು ಎ ಕಾರ್ಡ್. ಆರನೆಯದರಿಂದ ಒಂದನೆಯದರವರೆಗೆ ಒಂದೊಂದೇ ತಂತಿ ಮೀಟಿ, ಯಾವುದು ಸತ್ತಿದೆ ಎಂದು ವಹಿಯಲ್ಲಿ ಬರೆಯಿರಿ. ಆರೂ ನುಡಿದ ಮೇಲೆ 4ನೇ ಫ್ರೆಟ್. ನಾಲ್ಕೈದು ದಿನಕ್ಕೊಂದು ಫ್ರೆಟ್‌ನಂತೆ ಇಳಿದರೂ ತಿಂಗಳೊಳಗೆ ಎಫ್‌ಗೆ ಬಂದಿರುತ್ತೀರಿ.

ಎಷ್ಟು ಬಲ ಬೇಕು ಎಂಬುದಕ್ಕೂ ಪರೀಕ್ಷೆಯುಂಟು. ಬೆರಳನ್ನು ತಂತಿಯ ಮೇಲೆ ಸುಮ್ಮನೆ ಇಟ್ಟು ಮೀಟುತ್ತ, ಸಾವಕಾಶ ಒತ್ತುತ್ತ ಹೋಗಿ. ಮೊದಲು ಡಬ್ ಎನ್ನುತ್ತದೆ, ಆಮೇಲೆ ಝುಂಯ್‌ಗುಡುತ್ತದೆ, ಒಂದು ಹಂತದಲ್ಲಿ ಸ್ವಚ್ಛ ನಾದ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಅದರ ಮೇಲೆ ಹಾಕುವ ಬಲವೆಲ್ಲ ದಂಡ, ಸ್ವರವೂ ಮೇಲೆ ಜಾರುತ್ತದೆ. ಬೆರಳು ಫ್ರೆಟ್‌ನ ಪಟ್ಟಿಗೆ ಒತ್ತಾಗಿ ಹಿಂದೆ ಇದ್ದಷ್ಟೂ ಬಲ ಕಡಿಮೆ ಸಾಕು.

ಒಂದೇ ಜಾಗವನ್ನು ಹತ್ತು ನಿಮಿಷ ಸತತ ತಿಕ್ಕುವುದಕ್ಕಿಂತ ಎರಡು ಜಾಗ ಆರಿಸಿ ಮೂರು, ಎರಡು, ಮೂರು, ಎರಡು ನಿಮಿಷದಂತೆ ಅದಲುಬದಲು ಮಾಡಿ. ಆ ಹೊತ್ತಿಗೆ ಇದು ಕಷ್ಟ ಎನಿಸುತ್ತದೆ, ಬಂದದ್ದು ಮರೆತಂತಾಗುತ್ತದೆ. ಮರೆತದ್ದನ್ನು ಮತ್ತೆ ನೆನಪಿಗೆ ತಂದುಕೊಳ್ಳುವ ಆ ಶ್ರಮವೇ ಮರುದಿನಕ್ಕೆ ಉಳಿಯುವುದು.

ಲಯ

ಎಡಗೈಯ ಚಿಂತೆಯಲ್ಲಿ ಬಲಗೈಯನ್ನು ಎಲ್ಲರೂ ಮರೆಯುತ್ತಾರೆ. ಕೇಳುವವರಿಗೆ ಒಂದು ತಪ್ಪು ಸ್ವರ ಅಷ್ಟಾಗಿ ತಿಳಿಯುವುದಿಲ್ಲ, ಲಯ ತಪ್ಪಿದರೆ ಚಿಕ್ಕ ಮಗುವಿಗೂ ತಿಳಿಯುತ್ತದೆ.

ಕೆಹರವಾ ತಾಳದ ಎಂಟು ಮಾತ್ರೆ ಗೊತ್ತಿದ್ದವರಿಗೆ ಸ್ಟ್ರಮ್ಮಿಂಗ್ (ಬಲಗೈಯಿಂದ ತಂತಿಗಳನ್ನು ಒಟ್ಟಿಗೆ ಬಾರಿಸುವುದು) ಅರ್ಧ ಗೊತ್ತಿದ್ದಂತೆ: ಧಾ ಗೆ ನ ತಿ, ನ ಕ ಧಿ ನ. ಬೆಸ ಮಾತ್ರೆಗಳಲ್ಲಿ (1, 3, 5, 7) ಕೈ ಕೆಳಗೆ, ಸಮ ಮಾತ್ರೆಗಳಲ್ಲಿ (2, 4, 6, 8) ಕೈ ಮೇಲೆ. ಕೈ ಎಂದೂ ನಿಲ್ಲುವುದಿಲ್ಲ, ಕೆಲವು ಮಾತ್ರೆಗಳಲ್ಲಿ ತಂತಿ ಮುಟ್ಟದೆ ಹಾದುಹೋಗುತ್ತದೆ, ಅಷ್ಟೇ. ಎಲ್ಲರೂ ಮೊದಲು ಕಲಿಯುವ ನಡೆ ನೋಡಿ: 1 ಕೆಳಗೆ, 3 ಕೆಳಗೆ, 4 ಮೇಲೆ, 6 ಮೇಲೆ, 7 ಕೆಳಗೆ, 8 ಮೇಲೆ. ಖಾಲಿ ಬಿಡುವುದು 2 ಮತ್ತು 5. ಎಲ್ಲರೂ ಎಡವುವುದು 5ರಲ್ಲಿ. ಅಲ್ಲಿ ತಂತಿ ಮುಟ್ಟುವುದಿಲ್ಲ ಎಂದು ಕೈಯನ್ನೇ ನಿಲ್ಲಿಸುತ್ತಾರೆ, 6ರ ಮೇಲಿನ ಪೆಟ್ಟು ತಡವಾಗುತ್ತದೆ, ಲಯ ಜೋಲುತ್ತದೆ. 5ರಲ್ಲಿ ಕೈ ಖಾಲಿಯಾಗಿಯೇ ಕೆಳಗಿಳಿಯಬೇಕು. ತಂತಿಗಳನ್ನು ಎಡಗೈಯಿಂದ ಮುಚ್ಚಿ ಹಿಡಿದು, ಬಾಯಲ್ಲಿ ಎಂಟು ಎಣಿಸುತ್ತ ಎರಡು ನಿಮಿಷ ಮಾಡಿದರೆ ಇದು ಕೂರುತ್ತದೆ. ಆರು ಮಾತ್ರೆಯ ಹಾಡುಗಳಿಗೆ ದಾದರಾ ತಾಳ ಎಣಿಸಿ. ಸ್ಟ್ರಮ್ಮಿಂಗ್‌ಗೆ 0.60ರಿಂದ 0.73 ಮಿ.ಮೀ.ನ ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಚಲೋ. ಒಂದೊಂದೇ ಸ್ವರ ಮೀಟುವಾಗ 0.88ಕ್ಕಿಂತ ದಪ್ಪನೆಯದು ಹಿಡಿತ ಕೊಡುತ್ತದೆ.

ಮೆಟ್ರೋನೋಮ್ ಜೊತೆ ಸಲೀಸಾಗಿ ಬಾರಿಸಲು ಬಂದ ಮೇಲೆ ಅದರ ಆಸರೆ ಕಡಿಮೆ ಮಾಡಿ. 80ರ ಹಾಡಿಗೆ 40 ಇಟ್ಟು, ಎರಡು ಬಡಿತಕ್ಕೊಮ್ಮೆ ಮಾತ್ರ ಅದು ನುಡಿಯುವಂತೆ ಮಾಡಿ. ನಡುವಿನ ಖಾಲಿ ಜಾಗವನ್ನು ನೀವೇ ಹೊರಬೇಕು. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ದಿನಾ ಓಡಾಡುವವರು ಈ ಎಣಿಕೆಯನ್ನು ತೊಡೆಯ ಮೇಲೆ ಬೆರಳಿನಿಂದ ಮಾಡಬಹುದು. ಗಿಟಾರ್ ಇಲ್ಲದೆಯೇ ಅರ್ಧ ತಾಸು ಸಿಕ್ಕಂತೆ.

ಪಲ್ಟಾ

ಸಿ ಸ್ವರವನ್ನು ಷಡ್ಜ ಮಾಡಿಕೊಳ್ಳಿ, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು. ಮೊಬೈಲಿನ ತಂಬೂರಿಯನ್ನು ಅದಕ್ಕೇ ಇಡಿ. ಐದನೇ ತಂತಿಯ 3ರಲ್ಲಿ ಸಾ, 5ರಲ್ಲಿ ರೇ. ನಾಲ್ಕನೇ ತಂತಿಯ 2ರಲ್ಲಿ ಗ, 3ರಲ್ಲಿ ಮ, 5ರಲ್ಲಿ ಪ. ಮೂರನೇ ತಂತಿಯ 2ರಲ್ಲಿ ಧ, 4ರಲ್ಲಿ ನಿ, 5ರಲ್ಲಿ ಮೇಲಿನ ಸಾ. ತೋರುಬೆರಳು 2ನೇ ಫ್ರೆಟ್‌ಗೆ, ನಡುಬೆರಳು 3ಕ್ಕೆ, ಉಂಗುರಬೆರಳು 4ಕ್ಕೆ, ಕಿರುಬೆರಳು 5ಕ್ಕೆ ಮೀಸಲು, ಕೈ ಜಾಗ ಬಿಟ್ಟು ಕದಲಬೇಕಿಲ್ಲ. ಸಾರೇಗ, ರೇಗಮ, ಗಮಪ, ಮಪಧ, ಪಧನಿ, ಧನಿಸಾ. ಪಿಕ್ ಒಮ್ಮೆ ಕೆಳಗೆ, ಒಮ್ಮೆ ಮೇಲೆ, ತಪ್ಪದೆ. ಮೂರರ ಗುಂಪು ಆದ್ದರಿಂದ ಎರಡನೇ ಗುಂಪು ಮೇಲಿನ ಪೆಟ್ಟಿನಿಂದ ಶುರುವಾಗುತ್ತದೆ. ಕೈ ಅಲ್ಲಿ ಮೋಸ ಮಾಡಿ ಎರಡು ಸಲ ಕೆಳಗೇ ಹೊಡೆಯಲು ನೋಡುತ್ತದೆ, ಬಿಡಬೇಡಿ. ಬಾರಿಸುವಾಗ ಸ್ವರವನ್ನು ಬಾಯಲ್ಲೂ ಹೇಳಿ. ಮೂರು ತಿಂಗಳಲ್ಲಿ ಕೇಳಿದ ಭಾವಗೀತೆಯ ಸಾಲನ್ನು ಕಾಗದ ನೋಡದೆ ಹುಡುಕಿ ಬಾರಿಸುವ ಶಕ್ತಿ ಬರುವುದು ಇದರಿಂದಲೇ.

ವಹಿ, ರೆಕಾರ್ಡಿಂಗ್, ನೆರೆಹೊರೆ

ವಹಿಯಲ್ಲಿ ಉದ್ದ ಬರೆಯಬೇಕಿಲ್ಲ. "ಸಿ-ಜಿ 68, ಕಿರುಬೆರಳು ತಡ. ನಾಳೆ 64ರಿಂದ." ಇಷ್ಟು ಸಾಕು. ನಾಳೆ ಕೂತಾಗ ಏನು ಮಾಡಲಿ ಎಂದು ಐದು ನಿಮಿಷ ಹಾಳಾಗುವುದಿಲ್ಲ. ವಾರಕ್ಕೊಮ್ಮೆ ಮೊಬೈಲನ್ನು ಎರಡು ಅಡಿ ದೂರ ಇಟ್ಟು ಇಡೀ ಹಾಡು ರೆಕಾರ್ಡ್ ಮಾಡಿ, ಏನೇ ಆದರೂ ನಡುವೆ ನಿಲ್ಲಿಸಬೇಡಿ. ಅಂದೇ ಕೇಳದೆ ಮರುದಿನ ಕೇಳಿ. ಬಾರಿಸುವಾಗ ಕಿವಿಗೆ ಬೀಳದ ಓಟ, ಝುಂಯ್ ಸದ್ದು, ಕಾರ್ಡ್ ನಡುವಿನ ಖಾಲಿ ಆಗ ಕೇಳುತ್ತದೆ. ಮುಂದಿನ ವಾರದ "ಬಾರದ ಜಾಗ" ಅಲ್ಲಿಂದಲೇ ಆರಿಸಿ.

ಖೋಲಿಯಲ್ಲಿ ಜೊತೆಗಾರ ಪರೀಕ್ಷೆಗೆ ಓದುತ್ತಿದ್ದರೆ, ತಂತಿ ಮುಗಿಯುವ ಕಡೆ ತಂತಿಗಳ ಕೆಳಗೆ ಕರವಸ್ತ್ರ ಮಡಚಿ ತೂರಿಸಿ. ನಾದ ಬಹಳ ಇಳಿಯುತ್ತದೆ, ಬೆರಳಿನ ಕೆಲಸ ಪೂರ್ತಿ ಆಗುತ್ತದೆ. ಮೆಟ್ರೋನೋಮ್ ಒಂದೇ ಕಿವಿಗೆ ಇಯರ್‌ಫೋನ್‌ನಲ್ಲಿ ಸಾಕು.

ನೋವು ಮತ್ತು ಬಿಡುವು

ಬೆರಳತುದಿಯ ಉರಿ ಎರಡರಿಂದ ನಾಲ್ಕು ವಾರ ಇದ್ದದ್ದೇ, ಚರ್ಮ ಗಟ್ಟಿಯಾದಂತೆ ಹೋಗುತ್ತದೆ. ಸ್ನಾನ ಮಾಡಿ ಬೆರಳು ಮೆತ್ತಗಿರುವಾಗ ಬಾರಿಸಬೇಡಿ, ಗಟ್ಟಿಯಾದ ಚರ್ಮ ಸುಲಿದು ಬರುತ್ತದೆ. ಎಡಗೈ ಉಗುರು ಚರ್ಮದ ಮಟ್ಟಕ್ಕೆ ಕತ್ತರಿಸಿರಲಿ. ಮಣಿಕಟ್ಟು ಅಥವಾ ಮೊಣಕೈ ನೋಯುವುದು, ಬೆರಳು ಜುಮುಗುಟ್ಟುವುದು ಬೇರೆ ಮಾತು. ಆಗ ಅಂದಿನ ರಿಯಾಜ್ ಅಲ್ಲಿಗೇ ನಿಲ್ಲಿಸಿ. ಎರಡು ದಿನದ ವಿಶ್ರಾಂತಿಗೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು: ಮಣಿಕಟ್ಟು ಅತಿಯಾಗಿ ಮಡಚಿದ್ದು, ಹೆಬ್ಬೆರಳಿನಿಂದ ಹಿಂದಿನಿಂದ ಅವುಚಿ ಹಿಡಿದದ್ದು, ಭುಜ ಎತ್ತಿ ಕೂತದ್ದು. ಗಿಟಾರ್‌ನ ಕತ್ತು ತುಸು ಮೇಲ್ಮುಖವಾಗಿ ಇರುವಂತೆ, ಎಡಗಾಲ ಕೆಳಗೆ ಮಣೆ ಅಥವಾ ಎರಡು ದಪ್ಪ ಪುಸ್ತಕ ಇಟ್ಟು ಗಿಟಾರನ್ನು ಎಡತೊಡೆಯ ಮೇಲೆ ಇರಿಸಿದರೆ ಮೊದಲನೆಯದು ಬಹಳಷ್ಟು ಸರಿಹೋಗುತ್ತದೆ.

ಪರೀಕ್ಷೆಯೋ ಊರಿನ ಜಾತ್ರೆಯೋ ಬಂದು ತಿಂಗಳು ಬಿಟ್ಟುಹೋದರೆ, ಬಿಟ್ಟಲ್ಲಿಂದ ಹಿಡಿಯಲು ಹೋಗಬೇಡಿ. ವಹಿಯಲ್ಲಿ ಕೊನೆಯದಾಗಿ ಬರೆದ ವೇಗ 80 ಇದ್ದರೆ 50ರಿಂದ ಶುರು ಮಾಡಿ, ಮೊದಲ ಮೂರು ದಿನ ಹತ್ತೇ ನಿಮಿಷ ಕೂರಿ. ಬೆರಳಿನ ಚರ್ಮ ಮತ್ತೆ ಗಟ್ಟಿಯಾಗಲು ವಾರ ಹಿಡಿಯುತ್ತದೆ. ಕೈಯ ನೆನಪು ಅದಕ್ಕಿಂತ ಬೇಗ, ನಾಲ್ಕನೆಯ ಐದನೆಯ ದಿನಕ್ಕೇ, ಮರಳಿ ಬಂದಿರುತ್ತದೆ.